ಐದನೇ ಸುತ್ತಿನ ಲೆಕ್ಕ

1999ರ ಮಾರ್ಚ್ 13ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೆನಾಕ್ಸ್ ಲೂಯಿಸ್ ಮತ್ತು ಇವಾಂಡರ್ ಹೋಲಿಫೀಲ್ಡ್ ಹನ್ನೆರಡು ಸುತ್ತು ಸೆಣಸಿದರು. ವೃತ್ತಿಪರ ಬಾಕ್ಸಿಂಗ್‌ನ ಹೆವಿವೇಟ್ ಪಟ್ಟ ಆಗ ಒಬ್ಬರ ಕೈಯಲ್ಲಿ ಇರಲಿಲ್ಲ. 1992ರ ಕೊನೆಯಲ್ಲಿ ಆಗಿನ ಚಾಂಪಿಯನ್ ರಿಡಿಕ್ ಬೋ ಡಬ್ಲ್ಯುಬಿಸಿ ಎಂಬ ಸಂಸ್ಥೆಯ ಪಟ್ಟವನ್ನು ಲಂಡನ್ನಿನಲ್ಲಿ ಕಸದ ತೊಟ್ಟಿಗೆ ಎಸೆದ ಮೇಲೆ ಹೆವಿವೇಟ್ ಪಟ್ಟ ಹೋಳಾಗಿಯೇ ಉಳಿದಿತ್ತು. ಬ್ರಿಟನ್ನಿನ ಲೂಯಿಸ್ ಬಳಿ ಡಬ್ಲ್ಯುಬಿಸಿ ಪಟ್ಟ, ಅಮೆರಿಕದ ಹೋಲಿಫೀಲ್ಡ್ ಬಳಿ ಬೇರೆ ಎರಡು ಸಂಸ್ಥೆಗಳಾದ ಡಬ್ಲ್ಯುಬಿಎ ಮತ್ತು ಐಬಿಎಫ್ ಪಟ್ಟ. ಗೆದ್ದವರು ಮೂರಕ್ಕೂ ಒಡೆಯರಾಗಬೇಕಿತ್ತು. 21 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಯಾರೂ ಕೆಳಗೆ ಬೀಳಲಿಲ್ಲ. ತೀರ್ಪುಗಾರರ ಚೀಟಿ ಓದಬೇಕಾಯಿತು. ಅಮೆರಿಕದ ಯೂಜೀನಿಯಾ ವಿಲಿಯಮ್ಸ್ ಹೋಲಿಫೀಲ್ಡ್‌ಗೆ 115, ಲೂಯಿಸ್‌ಗೆ 113 ಕೊಟ್ಟಿದ್ದರು. ದಕ್ಷಿಣ ಆಫ್ರಿಕಾದ ಸ್ಟ್ಯಾನ್ಲಿ ಕ್ರಿಸ್ಟೊಡೂಲು ಲೂಯಿಸ್‌ಗೆ 116, ಹೋಲಿಫೀಲ್ಡ್‌ಗೆ 113 ಕೊಟ್ಟಿದ್ದರು. ಬ್ರಿಟನ್ನಿನ ಲ್ಯಾರಿ ಒಕಾನಲ್ ಅವರ ಚೀಟಿಯಲ್ಲಿ ಇಬ್ಬರಿಗೂ 115. ಪಂದ್ಯ ಸಮ ಎಂದು ಘೋಷಣೆಯಾಯಿತು. ಪಟ್ಟಗಳು ಇದ್ದವರ ಬಳಿಯೇ ಉಳಿದವು. ಸುತ್ತ ಕೂತ ವರದಿಗಾರರಲ್ಲಿ ಬಹುಪಾಲು ಜನರ ಲೆಕ್ಕದಲ್ಲಿ ಲೂಯಿಸ್ ಸ್ಪಷ್ಟವಾಗಿ ಗೆದ್ದಿದ್ದರು. ಹಾಗಾಗಿ ಅಂದಿನಿಂದ ಇಂದಿನವರೆಗೂ ಈ ತೀರ್ಪು ಬಾಕ್ಸಿಂಗ್‌ನ ದೊಡ್ಡ ತಕರಾರುಗಳಲ್ಲಿ ಒಂದಾಗಿ ಉಳಿದಿದೆ. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಇಬ್ಬರು ಅದನ್ನು ಸುತ್ತು ಸುತ್ತಾಗಿ ಬಿಡಿಸಿದರು. ಒಬ್ಬರು ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸಿ ಮುಪ್ಪಾದ ವಸ್ತಾದರು. ಇನ್ನೊಬ್ಬ ವಿಜಯಪುರಕ್ಕೆ ಹೋಗಿ ಬಾಕ್ಸಿಂಗ್ ಕಲಿತ ತರುಣ.

"ಸಮ ಅಂದ್ರ ಏನಪಾ?" ಎಂದು ವಸ್ತಾದರು ಕೇಳಿದರು. "ನಿಕಾಲಿ ಕುಸ್ತಿ ಅಂದ್ರ ಒಬ್ಬಂವ ಚಿತ್ ಆಗೂ ತನಕ ಬಿಡೂದಿಲ್ಲ. ಎರಡೂ ಭುಜ ಮಣ್ಣಿಗೆ ಹತ್ತಿದ್ದು ಕಣದ ಸುತ್ತ ಕುಂತಾವ್ರಿಗೆಲ್ಲ ಕಾಣಸ್ತದ."

"ಬಾಕ್ಸಿಂಗ್‌ನ್ಯಾಗೂ ಚಿತ್ ಅದ ಕಾಕಾ. ಪೆಟ್ಟು ತಿಂದು ಬಿದ್ದಾಂವ ಹತ್ತು ಎಣಿಸೂದ್ರಾಗ ಏಳಲಿಲ್ಲಂದ್ರ ಆಟ ಮುಗೀತು. ಆವಾಗ ಚೀಟಿ ಯಾರೂ ನೋಡೂದಿಲ್ಲ. ಇಬ್ಬರೂ ಕಡೀತನಕ ನಿಂತೇ ಇದ್ರ ಮಾತ್ರ ಚೀಟಿ ಬಿಚ್ಚತಾರ."

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಕಣದಲ್ಲಾಗಲಿ, ಸುತ್ತಲ ಹಳ್ಳಿಗಳ ಜಾತ್ರೆಗಳಲ್ಲಾಗಲಿ ಮಣ್ಣಿನ ಕುಸ್ತಿಯ ತೀರ್ಪು ದೇಹದ ಮೇಲೆಯೇ ಬರೆದಿರುತ್ತದೆ. ಪಂಚರ ಕೆಲಸ ಕಂಡದ್ದನ್ನು ಕೂಗಿ ಹೇಳುವುದು. ಬಾಕ್ಸಿಂಗ್‌ನ ತೀರ್ಪುಗಾರರ ಕೆಲಸ ಬೇರೆ. ಮೂರು ನಿಮಿಷದ ಒಂದು ಸುತ್ತಿನಲ್ಲಿ ನಡೆದ ನೂರಾರು ಚಲನೆಗಳನ್ನು ನೋಡಿ, ಒಂದು ನಿಮಿಷದ ಬಿಡುವಿನಲ್ಲಿ ಅದನ್ನು ಎರಡು ಅಂಕಿಗಳಾಗಿ ಇಳಿಸಬೇಕು. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಎದುರಾಳಿಯನ್ನು ಒಮ್ಮೆ ಕೆಡವಿದರೆ ಬಿದ್ದವರಿಗೆ 8. ಸುತ್ತು ಸರಿಸಮ ಎನಿಸಿದರೆ ಇಬ್ಬರಿಗೂ 10. ಬರೆದ ಚೀಟಿಯನ್ನು ರೆಫರಿ ಆಗಲೇ ಒಯ್ಯುತ್ತಾರೆ. ಮುಂದಿನ ಸುತ್ತು ನೋಡಿ ಹಿಂದಿನದನ್ನು ತಿದ್ದುವಂತಿಲ್ಲ.

ಯಾವುದನ್ನು ನೋಡಿ ಅಂಕ ಕೊಡಬೇಕು ಎಂಬುದಕ್ಕೆ ನಾಲ್ಕು ಅಳತೆಗಳಿವೆ: ಸ್ವಚ್ಛವಾಗಿ ತಾಗಿದ ಪೆಟ್ಟು, ಫಲ ಕೊಟ್ಟ ಆಕ್ರಮಣ, ಕಣದ ಮೇಲಿನ ಹಿಡಿತ, ರಕ್ಷಣೆ. ಇವುಗಳಲ್ಲಿ ಮೊದಲನೆಯದೇ ಮುಖ್ಯ ಎಂದು ಬಹುತೇಕ ಎಲ್ಲ ತರಬೇತುದಾರರೂ ಹೇಳುತ್ತಾರೆ. ಆದರೆ ಯಾವುದಕ್ಕೆ ಎಷ್ಟು ತೂಕ ಎಂದು ನಿಯಮ ಅಳೆದು ಕೊಟ್ಟಿಲ್ಲ. ಅದು ಮೂರು ಜನರ ಮೂರು ಮನಸ್ಸುಗಳಿಗೆ ಬಿಟ್ಟದ್ದು.

"ಹಂಗಾದ್ರ ಕೂದಲೆಳಿಯಷ್ಟು ಗೆದ್ದಾವಂಗೂ ಹತ್ತು, ಹಣ್ಣುಗಾಯಿ ನೀರುಗಾಯಿ ಮಾಡಿದಾವಂಗೂ ಹತ್ತು?"

"ಹೌದ್ರಿ. ಕೆಡವಲಿಲ್ಲಂದ್ರ ಎರಡಕ್ಕೂ ಹತ್ತು–ಒಂಬತ್ತೇ. ಎದುರಿನಾಂವ ನಿಂತಲ್ಲೇ ಸುಸ್ತಾಗಿದ್ರ ಎಂಟು ಕೊಡಬಹುದಂತ ನಿಯಮದಾಗ ಅದ, ಕೊಡೂದು ಭಾಳ ಅಪರೂಪ."

ಜಗಳದ ಬೇರು ಇಲ್ಲೇ ಇದೆ. ಒಬ್ಬರು ಐದು ಸುತ್ತುಗಳನ್ನು ಎಲ್ಲರ ಕಣ್ಣಿಗೆ ರಾಚುವಂತೆ ಗೆದ್ದು, ಏಳು ಸುತ್ತುಗಳನ್ನು ಸ್ವಲ್ಪದರಲ್ಲಿ ಕಳೆದುಕೊಂಡರೆ, ಚೀಟಿಯ ಪ್ರಕಾರ ಸೋತವರು ಅವರೇ. ಇಡೀ ಪಂದ್ಯವನ್ನು ಒಂದೇ ಹರಿವಾಗಿ ನೋಡುವ ಪ್ರೇಕ್ಷಕರಿಗೆ ಹೆಚ್ಚು ಹೊಡೆದವರು ಗೆದ್ದವರು. ತೀರ್ಪುಗಾರರು ಹನ್ನೆರಡು ಬೇರೆ ಬೇರೆ ಪಂದ್ಯ ನೋಡುತ್ತಾರೆ. 2017ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಭಾರತದ ವಿಜೇಂದರ್ ಸಿಂಗ್ ಚೀನಾದ ಜುಲ್ಪಿಕರ್ ಮೈಮೈತಿಅಲಿ ವಿರುದ್ಧ ಗೆದ್ದಾಗ ಮೂರರಲ್ಲಿ ಎರಡು ಚೀಟಿಗಳ ಅಂತರ ಒಂದೇ ಅಂಕ, 95–94. ಹತ್ತು ಸುತ್ತಿನ ಶ್ರಮ ಅಂಥ ಒಂದು ಅಂಕದ ಮೇಲೆ ನಿಲ್ಲುತ್ತದೆ.

"ಲೂಯಿಸ್ ಅಷ್ಟು ಛಲೋ ಹೊಡದಿದ್ನೇನು?"

"ಕೇಳ್ರಿ ಕಾಕಾ. ಹೊಡತ ಎಣಿಸಾಕ ಕಂಪ್ಯೂಬಾಕ್ಸ್ ಅಂತ ಅದ. ಇಬ್ಬರು ಕುಂತು ಒಬ್ಬೊಬ್ಬ ಆಟಗಾರನ ಮ್ಯಾಲ ಕಣ್ಣಿಟ್ಟು ಗುಂಡಿ ಒತ್ತತಾರ. ಅವರ ಲೆಕ್ಕದಾಗ ಲೂಯಿಸ್ 613 ಸಲ ಕೈ ಬೀಸಿ 348 ತಾಗಿಸ್ಯಾನ. ಹೋಲಿಫೀಲ್ಡ್ 385 ಬೀಸಿ 130."

"ಎರಡೂವರಿ ಪಟ್ಟಿಗಿಂತ ಜಾಸ್ತಿ ಆತಲ್ಲ!"

"ಐದನೇ ಸುತ್ತು ಇನ್ನೂ ಕೇಳಬ್ಯಾಡ್ರಿ. ಹೋಲಿಫೀಲ್ಡಗ ಹಗ್ಗಕ್ಕ ಒತ್ತಿ ನಿಲ್ಲಿಸಿ ಹೊಡದಾನ. ಲೂಯಿಸಂದು 43 ತಾಗ್ಯಾವ, ಅವಂದು 11. ಆ ಸುತ್ತು ವಿಲಿಯಮ್ಸ್ ಬಾಯಾರು ಹೋಲಿಫೀಲ್ಡಗ ಕೊಟ್ಟಾರ."

ಈ ಎಣಿಕೆಗೂ ಮಿತಿಯಿದೆ. ಗುಂಡಿ ಒತ್ತುವವರಿಗೆ ಪೆಟ್ಟು ತಾಗಿತೋ ಇಲ್ಲವೋ ಎಂಬುದಷ್ಟೇ ಮುಖ್ಯ. ಮುಖಕ್ಕೆ ಮುಟ್ಟಿ ಹಿಂದೆ ಸರಿದ ಜ್ಯಾಬ್ ಎಂಬ ನೇರ ಹೊಡೆತ ಮತ್ತು ದವಡೆ ಅಲುಗಿಸಿದ ಬಲಗೈ ಹೊಡೆತ ಎರಡೂ ಅಲ್ಲಿ ಒಂದೊಂದೇ. ಎತ್ತರದ, ಉದ್ದ ತೋಳಿನ ಲೂಯಿಸ್ ಅವರ ಹೊಡೆತಗಳಲ್ಲಿ ಜ್ಯಾಬ್‌ಗಳ ಪಾಲು ದೊಡ್ಡದು. ಹೋಲಿಫೀಲ್ಡ್ ಮೂರನೇ ಸುತ್ತಿನಲ್ಲೇ ಲೂಯಿಸ್ ಅವರನ್ನು ಕೆಡವುವುದಾಗಿ ಮೊದಲೇ ಸಾರಿದ್ದರು. ಆ ಸುತ್ತಿನಲ್ಲಿ ಮುನ್ನುಗ್ಗಿಯೂ ಬಂದರು. ನಡುವಿನ ಮತ್ತು ಕೊನೆಯ ಕೆಲವು ಸುತ್ತುಗಳಲ್ಲಿ ಲೂಯಿಸ್ ಗೆದ್ದಾಯಿತೆಂಬಂತೆ ಕೈ ಸಡಿಲಿಸಿದ್ದೂ ನಿಜ. ಅಂಥ ಸುತ್ತುಗಳನ್ನು ಹೋಲಿಫೀಲ್ಡ್‌ಗೆ ಕೊಟ್ಟವರನ್ನು ದೂರುವಂತಿಲ್ಲ. ಐದನೇ ಸುತ್ತಿಗೆ ಮಾತ್ರ ಈ ಯಾವ ಸಮಾಧಾನವೂ ಹೊಂದುವುದಿಲ್ಲ.

"ಆಕಿಗೆ ಕೇಳಲಿಲ್ಲೇನು, ಯಾಕ ಹಿಂಗ ಬರದ್ರಿ ಅಂತ?"

"ಕೇಳ್ಯಾರ. ನ್ಯೂಯಾರ್ಕ್ ರಾಜ್ಯದ ಸೆನೆಟ್‌ನಾವ್ರು ಕರಸಿ ಕೇಳ್ಯಾರ. ಫೋಟೊ ತಗಿಯಾವ್ರು ನಡುವ ಅಡ್ಡ ಬಂದಿದ್ರು, ಪೂರಾ ಕಾಣಲಿಲ್ಲ ಅಂದ್ರು. ಟಿವಿಯಾಗ ನೋಡಿದ ಮ್ಯಾಲ ಆ ಸುತ್ತು ಲೂಯಿಸಂದೇ ಅಂತ ಒಪ್ಪಿದ್ರು."

ಈ ಉತ್ತರವನ್ನು ಆಗ ಹಲವರು ನಗೆಗೆ ಈಡುಮಾಡಿದರು. ಹಾಗೆ ನಕ್ಕದ್ದು ಸರಿಯಲ್ಲ. ಮೂವರು ತೀರ್ಪುಗಾರರು ಕಣದ ಮೂರು ಬದಿಗಳಲ್ಲಿ ಕೂರುತ್ತಾರೆ. ನಡುವೆ ಹಗ್ಗ, ರೆಫರಿಯ ಬೆನ್ನು, ಅಂಚಿಗೆ ಒರಗಿದ ಛಾಯಾಗ್ರಾಹಕರು. ಇಬ್ಬರು ದೈತ್ಯರು ಎದುರುಬದಿಯ ಹಗ್ಗಕ್ಕೆ ಅಂಟಿ ನಿಂತಾಗ ಈ ಬದಿಯವರಿಗೆ ಕಾಣುವುದು ಹೊಡೆಯುವವರ ಬೆನ್ನು ಮಾತ್ರ. ಮೊಣಕೈ ಆಡುವುದು ಗೊತ್ತಾಗುತ್ತದೆ, ಮುಷ್ಟಿ ಎಲ್ಲಿ ತಾಗಿತು ಎಂಬುದಿಲ್ಲ. ಟಿವಿಯಲ್ಲಿ ನೋಡಿದವರಿಗೆ ಹಲವು ಕ್ಯಾಮೆರಾಗಳ ಕಣ್ಣಿತ್ತು. ತೀರ್ಪು ಕೊಡಬೇಕಾದವರಿಗೆ ಪ್ರೇಕ್ಷಕರಿಗಿಂತ ಕಡಿಮೆ ಕಾಣುವುದಾದರೆ ಅದು ಒಬ್ಬರ ದೋಷವಲ್ಲ, ಕೂರಿಸಿದ ಕ್ರಮದ ದೋಷ.

ವಸ್ತಾದರು ಚೀಟಿಗಳ ಲೆಕ್ಕಕ್ಕೆ ಮರಳಿದರು. ಬಾಕ್ಸಿಂಗ್ ಅವರಿಗೆ ಹೊಸದು. ಕೂಡಿಸುವುದು, ಕಳೆಯುವುದು ಹೊಸದಲ್ಲ. "ತಮ್ಮಾ, ಐದನೇ ಸುತ್ತು ಆಕಿ ಲೂಯಿಸಗೇ ಕೊಟ್ಟಿದ್ಲು ಅಂತ ತಿಳಿ. ಆವಾಗ ಏನಾಗ್ತಿತ್ತು?"

"ಲೂಯಿಸಂದು ಒಂದು ಏರತದ, ಹೋಲಿಫೀಲ್ಡಂದು ಒಂದು ಇಳೀತದ. 114–114."

"ಅಂದ್ರ ಆಕೀದು ಸಮ. ಆ ಬ್ರಿಟನ್‌ನಾವಂದೂ ಸಮ. ಒಂದೇ ಚೀಟಿ ಲೂಯಿಸಂದು. ಹಂಗಾದ್ರೂ ಪಂದ್ಯ ಸಮನೇ ಅಲ್ಲ?"

ತರುಣ ಒಂದು ಗಳಿಗೆ ಸುಮ್ಮನಾದ. "ಹೌದ್ರಿ ಕಾಕಾ. ಗೆಲ್ಲಾಕ ಎರಡು ಚೀಟಿ ಬೇಕು. ಸಮನೇ ಆಗ್ತಿತ್ತು."

ಈ ಲೆಕ್ಕ ಕಣ್ಣೆದುರಿಗೇ ಇದ್ದರೂ ಗದ್ದಲದಲ್ಲಿ ಮರೆಯಾದದ್ದು. ಹನ್ನೆರಡು ಸುತ್ತಿಗೆ ಇಬ್ಬರಿಗೂ ಪೂರ್ತಿ ಅಂಕ ಸಿಕ್ಕರೆ ಒಟ್ಟು 240. ಯಾರೂ ಬೀಳದ, ಅಂಕ ಕಡಿತವಿಲ್ಲದ ಪಂದ್ಯದಲ್ಲಿ ಒಬ್ಬರು ಗೆದ್ದ ಪ್ರತಿ ಸುತ್ತಿಗೂ ಒಟ್ಟಿನಲ್ಲಿ ಒಂದು ಅಂಕ ಕಡಿಮೆಯಾಗುತ್ತದೆ. ವಿಲಿಯಮ್ಸ್ ಅವರ ಒಟ್ಟು 228: ಹನ್ನೆರಡೂ ಸುತ್ತಿಗೆ ಅವರು ಗೆದ್ದವರನ್ನು ಆರಿಸಿದ್ದಾರೆ, ಹೋಲಿಫೀಲ್ಡ್‌ಗೆ 7, ಲೂಯಿಸ್‌ಗೆ 5. ಕ್ರಿಸ್ಟೊಡೂಲು ಅವರದು 229: ಲೂಯಿಸ್‌ಗೆ 7, ಹೋಲಿಫೀಲ್ಡ್‌ಗೆ 4, ಒಂದು ಸಮ. ಒಕಾನಲ್ ಅವರದು 230: ಇಬ್ಬರಿಗೂ ಐದೈದು, ಎರಡು ಸುತ್ತು ಸಮ.

"ಆ ಎರಡು ಸಮದಾಗ ಒಂದನ್ನರ ಲೂಯಿಸಗ ಕೊಟ್ಟಿದ್ರ?" ಎಂದರು ವಸ್ತಾದರು.

"115–114. ಲೂಯಿಸಂದು ಎರಡು ಚೀಟಿ ಆಗ್ತಿತ್ತು. ವಿಲಿಯಮ್ಸ್ ಬಾಯಾರ ಚೀಟಿ ಹಂಗೇ ಇದ್ರೂ ಮೂರೂ ಪಟ್ಟ ಅವತ್ತೇ ಅವಂಗ ಬರ್ತಿದ್ವು."

ಎಲ್ಲರೂ ಬೆರಳು ತೋರಿದ ಐದನೇ ಸುತ್ತನ್ನು ತಿದ್ದಿದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಯಾರೂ ಅಷ್ಟಾಗಿ ಮಾತಾಡದ ಒಂದು ಸಮ ಸುತ್ತನ್ನು ತಿದ್ದಿದ್ದರೆ ಬದಲಾಗುತ್ತಿತ್ತು. ಎದ್ದು ಕಾಣುವ ತಪ್ಪು ಕೋಪ ತರಿಸುತ್ತದೆ. ಈ ಪಂದ್ಯದ ಹಣೆಬರಹವನ್ನು ಬರೆದದ್ದು ಕಣ್ಣಿಗೆ ಬೀಳದ ಹಿಂಜರಿಕೆ. ಇಬ್ಬರಿಗೂ ಹತ್ತು ಬರೆಯುವುದು ನ್ಯಾಯದ ಮಧ್ಯಮ ಮಾರ್ಗದಂತೆ ತೋರುತ್ತದೆ. ಮೂವರು ಮಾತ್ರ ಇರುವಲ್ಲಿ ಅದು ನಿರ್ಧಾರವನ್ನು ಮಿಕ್ಕ ಇಬ್ಬರ ಮೇಲೆ ಹೇರಿ ತಾನು ಹಿಂದೆ ಸರಿದಂತೆ. ಸಾಧ್ಯವಾದ ಮಟ್ಟಿಗೆ ಸಮ ಸುತ್ತು ಕೊಡಬೇಡಿ ಎಂದು ತೀರ್ಪುಗಾರರ ತರಬೇತಿಯಲ್ಲಿ ಒತ್ತಿ ಹೇಳುವುದು ಇದಕ್ಕಾಗಿಯೇ. ಆ ರಾತ್ರಿಯ ಸಿಟ್ಟೆಲ್ಲ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದ್ದು ಲೆಕ್ಕದ ಪ್ರಕಾರವೇ ಅನ್ಯಾಯ.

"ರೊಕ್ಕದ ಮಾತು ಬರಲಿಲ್ಲೇನು?" ಎಂದು ವಸ್ತಾದರು ಕೇಳಿದರು.

"ಬರದ ಇರ್ತದೇನ್ರಿ? ಹೋಲಿಫೀಲ್ಡಗ ಎರಡು ಕೋಟಿ ಡಾಲರ್, ಲೂಯಿಸಗ ಒಂದು ಕೋಟಿ. ಸಮ ಆದ್ರ ಇನ್ನೊಂದು ಪಂದ್ಯ, ಇನ್ನೊಮ್ಮಿ ಅಷ್ಟೇ ರೊಕ್ಕ. ಜನ ಅದನ್ನೇ ಆಡಕೊಂಡ್ರು. ವಿಚಾರಣಿ ಆತು. ತೀರ್ಪು ಕೊಂಡಾರಂತ ಮಾತ್ರ ಎಲ್ಲೂ ಸಾಬೀತ ಆಗಲಿಲ್ಲ."

"ಸಾಬೀತ ಆಗಲಿಲ್ಲಂದ್ರ ಹಂಗ ಅನಬಾರದು. ಆದ್ರ ಪಂಚರಿಗೆ ಆರಿಸಿದಾವ್ರು ಯಾರು?"

ವಸ್ತಾದರು ಕೇಳಬೇಕಾದ್ದನ್ನೇ ಕೇಳಿದ್ದರು. ಆ ಪಂದ್ಯಕ್ಕೆ ಮೂರು ಪಟ್ಟಗಳ ಮೂರು ಸಂಸ್ಥೆಗಳು ಒಬ್ಬೊಬ್ಬ ತೀರ್ಪುಗಾರರನ್ನು ಮುಂದಿಟ್ಟಿದ್ದವು. ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಆಯೋಗ ಒಪ್ಪಿಗೆ ಕೊಟ್ಟಿತ್ತು. ವಿಲಿಯಮ್ಸ್ ಐಬಿಎಫ್ ಕಡೆಯಿಂದ, ಕ್ರಿಸ್ಟೊಡೂಲು ಡಬ್ಲ್ಯುಬಿಎ ಕಡೆಯಿಂದ, ಒಕಾನಲ್ ಡಬ್ಲ್ಯುಬಿಸಿ ಕಡೆಯಿಂದ ಬಂದವರು. ಇಂಥ ಸಂಸ್ಥೆಗಳು ಪಟ್ಟದ ಪಂದ್ಯಕ್ಕೆ ಮಾನ್ಯತೆ ಕೊಟ್ಟು ಆಟಗಾರರ ಸಂಭಾವನೆಯಲ್ಲಿ ಶೇಕಡಾವಾರು ಶುಲ್ಕ ಪಡೆಯುತ್ತವೆ. ತೀರ್ಪುಗಾರರ ಸಂಬಳದ ಹೊರೆ ಪಂದ್ಯ ಏರ್ಪಡಿಸುವವರದು. ಯಾರೂ ಅಡ್ಡದಾರಿ ಹಿಡಿಯದಿದ್ದರೂ, ಮುಂದಿನ ದೊಡ್ಡ ಪಂದ್ಯಕ್ಕೆ ಕರೆ ಬರುವುದೋ ಇಲ್ಲವೋ ಎಂಬುದು ತೀರ್ಪುಗಾರರ ತಲೆಯ ಹಿಂದೆ ಸುಳಿಯದೆ ಇರುವುದಿಲ್ಲ. ಕ್ರಿಸ್ಟೊಡೂಲು ಅವರನ್ನು ಹೆಸರಿಸಿದ್ದು ಹೋಲಿಫೀಲ್ಡ್ ಅವರ ಪಟ್ಟದ ಸಂಸ್ಥೆ. ಅವರು ಲೂಯಿಸ್ ಗೆದ್ದರೆಂದು ಬರೆದರು. ಒಕಾನಲ್ ಅವರನ್ನು ಹೆಸರಿಸಿದ್ದು ಲೂಯಿಸ್ ಅವರ ಪಟ್ಟದ ಸಂಸ್ಥೆ, ಇಬ್ಬರದೂ ಒಂದೇ ದೇಶ. ಅವರು ಸಮ ಎಂದು ಬರೆದರು. ಪಕ್ಷಪಾತದ ಕಥೆ ಹೆಣೆಯಲು ಹೊರಟವರಿಗೆ ಈ ಎರಡು ಚೀಟಿಗಳು ಒಗ್ಗುವುದಿಲ್ಲ.

ಆದರೂ ಅನುಮಾನಕ್ಕೆ ಕಾರಣ ಇರಲಿಲ್ಲವೆಂದಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಐಬಿಎಫ್ ಅಧ್ಯಕ್ಷರಾಗಿದ್ದ ರಾಬರ್ಟ್ ಲೀ ಅವರ ಮೇಲೆ, ಆಟಗಾರರ ಶ್ರೇಯಾಂಕಕ್ಕಾಗಿ ಲಂಚ ಪಡೆದ ಆರೋಪ ದಾಖಲಾಯಿತು. 2000ದಲ್ಲಿ ನ್ಯಾಯಾಲಯ ಕೆಲವು ಆರೋಪಗಳಲ್ಲಿ ಅವರನ್ನು ಬಿಟ್ಟು, ತೆರಿಗೆ ವಂಚನೆ ಮತ್ತು ಹಣದ ಅಕ್ರಮ ವರ್ಗಾವಣೆಯಲ್ಲಿ ಅಪರಾಧಿ ಎಂದಿತು. ಲೂಯಿಸ್–ಹೋಲಿಫೀಲ್ಡ್ ತೀರ್ಪಿಗೂ ಅದಕ್ಕೂ ನೇರ ನಂಟಿಲ್ಲ. 2000ದಲ್ಲೇ ಅಮೆರಿಕ ಮುಹಮ್ಮದ್ ಅಲಿ ಹೆಸರಿನ ಬಾಕ್ಸಿಂಗ್ ಸುಧಾರಣಾ ಕಾಯಿದೆ ತಂದಿತು. ಸಂಸ್ಥೆಗಳು ಶ್ರೇಯಾಂಕದ ಆಧಾರವನ್ನು ಪ್ರಕಟಿಸಬೇಕು, ತೀರ್ಪುಗಾರರು ತಮಗೆ ಬಂದ ಸಂಭಾವನೆಯ ಮೂಲವನ್ನು ಆಯೋಗಕ್ಕೆ ತಿಳಿಸಬೇಕು ಎಂದಾಯಿತು.

"ಲೂಯಿಸಗ ನ್ಯಾಯ ಸಿಕ್ಕಿತೋ ಇಲ್ಲೋ?"

"ಎಂಟು ತಿಂಗಳಿಗೆ ಲಾಸ್ ವೇಗಸ್‌ನ್ಯಾಗ ಮತ್ತ ಆಡಿದ್ರು, ನವೆಂಬರ್ 13ಕ್ಕ. ಮೂರೂ ಚೀಟಿ ಲೂಯಿಸಂದೇ: 116–112, 117–111, 115–113. ಆದ್ರ ಎರಡನೇದ್ರಾಗ ಹೋಲಿಫೀಲ್ಡ್ ಮೊದಲಿನಕಿಂತ ಛಲೋ ಆಡಿದ್ದ ಅಂತಾರ ನೋಡಿದಾವ್ರು."

"ಮೊದಲಿನ ಸಮ ಅಳಿಸಿ ಹಾಕಿದ್ರೇನು?"

"ಇಲ್ರಿ. 2004ರಾಗ ಲೂಯಿಸ್ ಆಟ ಬಿಟ್ಟಾಗ ಲೆಕ್ಕ 41 ಗೆಲುವು, 2 ಸೋಲು, 1 ಸಮ. ಆ ಒಂದು ಇದೇ."

ತೀರ್ಪುಗಾರರ ಅಭಿಪ್ರಾಯ ತಪ್ಪಿತೆಂಬ ಕಾರಣಕ್ಕೆ ಫಲಿತಾಂಶ ಬದಲಾಗುವುದಿಲ್ಲ. ಕೂಡಿಸುವಾಗ ಲೆಕ್ಕ ತಪ್ಪಿರಬೇಕು, ಇಲ್ಲವೇ ನಿಯಮವನ್ನೇ ತಪ್ಪಾಗಿ ಅನ್ವಯಿಸಿರಬೇಕು, ಇಲ್ಲವೇ ಒಳಸಂಚು ಸಾಬೀತಾಗಬೇಕು. 2012ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಟಿಮೊತಿ ಬ್ರ್ಯಾಡ್ಲಿ ಎರಡು ಚೀಟಿಗಳ ಬಲದಿಂದ ಮ್ಯಾನಿ ಪ್ಯಾಕಿಯಾವೊ ಅವರ ಪಟ್ಟ ಪಡೆದಾಗ ಡಬ್ಲ್ಯುಬಿಒ ಸಂಸ್ಥೆ ಬೇರೆ ಐವರು ತೀರ್ಪುಗಾರರಿಗೆ ವಿಡಿಯೊ ತೋರಿಸಿತು. ಐವರೂ ಪ್ಯಾಕಿಯಾವೊ ಗೆದ್ದರೆಂದರು. ಫಲಿತಾಂಶ ಮಾತ್ರ ಅಲುಗಲಿಲ್ಲ. ಪ್ಯಾಕಿಯಾವೊ 2014ರಲ್ಲಿ ಮತ್ತೆ ಆಡಿಯೇ ಪಟ್ಟ ಮರಳಿ ಪಡೆಯಬೇಕಾಯಿತು.

"ನಮ್ಮ ಹುಡಿಗಿ ಸರಿತಾ ದೇವೀಗೂ ಹಿಂಗೇ ಆತ್ರಿ ಕಾಕಾ, 2014ರ ಏಷ್ಯನ್ ಗೇಮ್ಸ್‌ನ್ಯಾಗ. ಸೆಮಿಫೈನಲ್ ಕೊರಿಯಾದಾಕಿ ಜೋಡಿ. ಮೂವರೂ ಸೋತಿ ಅಂದ್ರು. ದೂರು ತಗೊಳಲಿಲ್ಲ. ಅಳಕೋತ ಕಂಚಿನ ಪದಕ ಎದುರಿನಾಕಿ ಕೊಳ್ಳಿಗೇ ಹಾಕಿದ್ಲು."

"ಪಾಪ. ಮುಂದ?"

"ಒಂದು ವರ್ಷ ಆಡಬ್ಯಾಡ ಅಂತ ಹೊರಗ ಹಾಕಿದ್ರು."

ಅದು ವೃತ್ತಿಪರ ಪಂದ್ಯವಲ್ಲ, ಪಟ್ಟದ ಪ್ರಶ್ನೆಯೂ ಅಲ್ಲ. ಆದರೆ ಹವ್ಯಾಸಿ ಬಾಕ್ಸಿಂಗ್ ಈ ಕಾಯಿಲೆಗೆ ಮದ್ದು ಹುಡುಕಿದ ಕಥೆ ಇಲ್ಲಿ ಉಪಯುಕ್ತ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಪೆಟ್ಟು ತಾಗಿಸಿ 32 ತಿಂದರೂ ಆತಿಥೇಯ ದೇಶದ ಪಾರ್ಕ್ ಸಿ ಹುನ್ ಅವರಿಗೆ 3–2ರಿಂದ ಸೋತರು. ಆ ನಾಚಿಕೆಗೇಡಿನ ಬಳಿಕ 1992ರ ಒಲಿಂಪಿಕ್ಸ್‌ನಲ್ಲಿ ಯಂತ್ರ ಬಂತು: ಐವರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮಾತ್ರ ಪೆಟ್ಟು ಲೆಕ್ಕಕ್ಕೆ. ಆಗ ಹುಡುಗರು ದೂರದಿಂದ ಮುಟ್ಟಿ ಓಡುವ ಆಟ ಕಲಿತರು. ಹೊಟ್ಟೆ, ಪಕ್ಕೆಗಳಿಗೆ ಬಿದ್ದ ಭಾರಿ ಪೆಟ್ಟುಗಳು ಗುಂಡಿಯಿಂದ ತಪ್ಪಿಸಿಕೊಂಡವು. 2013ರಲ್ಲಿ ಯಂತ್ರ ಬಿಟ್ಟು ವೃತ್ತಿಪರರ ಹತ್ತು ಅಂಕದ ಪದ್ಧತಿಯನ್ನೇ ತಂದರು. ಮರುವರ್ಷವೇ ಸರಿತಾ ದೇವಿಯವರ ಪಂದ್ಯ. ಎಣಿಸಿದರೂ ತೃಪ್ತಿಯಿಲ್ಲ, ತೂಗಿದರೂ ತೃಪ್ತಿಯಿಲ್ಲ.

"ಮ್ಯಾಟಿನ ಕುಸ್ತಿಯೊಳಗ ಈಗ ವಿಡಿಯೊ ಅದಲ್ಲ," ಎಂದರು ವಸ್ತಾದರು. "ತೀರ್ಪು ಒಪ್ಪಿಗಿ ಇಲ್ಲಂದ್ರ ಕೋಚ್ ಸವಾಲು ಹಾಕತಾನ. ಸುಳ್ಳಾದ್ರ ಎದುರಿನಾಂವಗ ಒಂದು ಅಂಕ."

"ಅಲ್ಲಿ ಕಾಲು ಹೊರಗ ಹೋತೋ ಇಲ್ಲೋ, ಬೆನ್ನು ತಿರುಗಿತೋ ಇಲ್ಲೋ ಅಂತ ಒಂದೇ ಪಟ್ಟು ನೋಡಿದ್ರ ಸಾಕು ಕಾಕಾ. ಇಲ್ಲಿ ಮೂರು ನಿಮಿಷ ಪೂರಾ ತೂಗಬೇಕು. ಹನ್ನೆರಡು ಸುತ್ತಿಗೂ ಸವಾಲು ಹಾಕಿದ್ರ ರಾತ್ರಿ ಕಳೀತದ. ಕೆಲವು ಕಡೆ ಗಾಯ ಪೆಟ್ಟಿನಿಂದ ಆತೋ, ತಲಿ ತಾಗಿ ಆತೋ ಅಂತ ನೋಡಾಕ ವಿಡಿಯೊ ಇಟ್ಟಾರ."

ಇನ್ನೊಂದು ಉಪಾಯವನ್ನು ಡಬ್ಲ್ಯುಬಿಸಿ ಪ್ರಯೋಗಿಸಿ ನೋಡಿದೆ: ನಾಲ್ಕನೇ ಮತ್ತು ಎಂಟನೇ ಸುತ್ತಿನ ಬಳಿಕ ಅಂಕಗಳನ್ನು ಬಹಿರಂಗವಾಗಿ ಓದುವುದು. ಹಿಂದೆ ಬಿದ್ದವರಿಗೆ ಎಚ್ಚರಿಕೆ ಸಿಗುತ್ತದೆ. ಮುಂದಿರುವವರು ಕೊನೆಯ ಸುತ್ತುಗಳಲ್ಲಿ ಕಾಲು ಕೀಳುತ್ತಾರೆ, ಆಟ ಸಪ್ಪೆಯಾಗುತ್ತದೆ ಎಂಬ ಆಕ್ಷೇಪವೂ ಇದೆ. ಆದರೆ 1999ರಲ್ಲಿ ಎಂಟನೇ ಸುತ್ತಿನ ಬಳಿಕ ಅಂಕ ಓದಿದ್ದರೆ ತಾನು ಗೆಲ್ಲುತ್ತಿದ್ದೇನೆ ಎಂಬ ನಂಬಿಕೆಯಲ್ಲಿ ಲೂಯಿಸ್ ಬಹುಶಃ ಕೈ ಸಡಿಲಿಸುತ್ತಿರಲಿಲ್ಲ. ಆಟ ಸಪ್ಪೆಯಾದರೂ ಚಿಂತೆಯಿಲ್ಲ, ಆಡುವವರಿಗೆ ತಮ್ಮ ಸ್ಥಿತಿ ಗೊತ್ತಿರಬೇಕು ಎಂಬ ವಾದಕ್ಕೇ ಹೆಚ್ಚು ಬಲವಿದೆ. ಮುಖದ ಮೇಲೆ ಪೆಟ್ಟು ತಿನ್ನುವವರು ಅವರು.

"ಮೂರು ಮಂದಿ ಬದಲಿ ಐದು ಮಂದಿ ಇಟ್ರ?"

"ಒಬ್ಬರ ತಪ್ಪು ಅಷ್ಟು ಭಾರ ಆಗೂದಿಲ್ಲ. ಆದ್ರ ಐದೂ ಮಂದೀನ ಪಟ್ಟದ ಸಂಸ್ಥೆಯಾವ್ರೇ ಹೆಸರಿಸಿದ್ರ ಏನು ಬಂತು?"

"ಹೆಸರಿಸೂದು ಆಯೋಗದಾವ್ರ ಕೈಯಾಗೇ ಇರಲಿ. ಕುರ್ಚಿ ಎತ್ತರಕ್ಕ ಹಾಕ್ರಿ, ಫೋಟೊದಾವ್ರಿಗೆ ದೂರ ಸರಸ್ರಿ. ಮತ್ತ ತಕರಾರು ಬಂದ ಸುತ್ತಿಗೆ ಯಾಕ ಹಿಂಗ ಕೊಟ್ಟೆ ಅಂತ ಆ ಪಂಚ ಬರದು ಕೊಡ್ಲಿ, ಜನ ಓದ್ಲಿ."

ಮೊದಲನೆಯದು ಲಾಸ್ ವೇಗಸ್ ಇರುವ ಅಮೆರಿಕದ ನೆವಾಡಾದಂಥ ರಾಜ್ಯಗಳಲ್ಲಿ ಬಹುಮಟ್ಟಿಗೆ ರೂಢಿಯಲ್ಲಿದೆ. ಅಲ್ಲಿ ತೀರ್ಪುಗಾರರನ್ನು ನೇಮಿಸುವುದು ರಾಜ್ಯದ ಆಯೋಗ. ಆದರೂ ಪ್ಯಾಕಿಯಾವೊ ಸೋತ ತೀರ್ಪು ಬಂದದ್ದು ಅಲ್ಲೇ. 2017ರ ಸೆಪ್ಟೆಂಬರ್‌ನಲ್ಲಿ ಗೆನ್ನಡಿ ಗೊಲೊವ್ಕಿನ್ ಮತ್ತು ಕನೆಲೊ ಆಲ್ವಾರೆಜ್ ಅವರ ಪಂದ್ಯವೂ ಅಲ್ಲೇ ಸಮವಾಯಿತು. ಒಬ್ಬ ತೀರ್ಪುಗಾರರಿಗೆ ಗೊಲೊವ್ಕಿನ್ ಗೆದ್ದಂತೆ ಕಂಡ ಆ ಪಂದ್ಯದಲ್ಲಿ ಇನ್ನೊಬ್ಬರು ಆಲ್ವಾರೆಜ್‌ಗೆ 118–110 ಬರೆದಿದ್ದರು. ನೇಮಕ ಸ್ವಚ್ಛವಾದ ಮಾತ್ರಕ್ಕೆ ಕಣ್ಣು ನಿಚ್ಚಳವಾಗುವುದಿಲ್ಲ. ವಸ್ತಾದರು ಕೊನೆಗೆ ಹೇಳಿದ ಲಿಖಿತ ವಿವರಣೆಯನ್ನು ವೃತ್ತಿಪರ ಬಾಕ್ಸಿಂಗ್ ಎಲ್ಲ ತೀರ್ಪುಗಾರರಿಗೂ ಕಡ್ಡಾಯ ಮಾಡಿಲ್ಲ. ವಿಲಿಯಮ್ಸ್ ವಿವರಣೆ ಕೊಟ್ಟದ್ದು ವಿಚಾರಣೆಗೆ ಕರೆದದ್ದರಿಂದ, ಅದೂ ಒಂದು ಸುತ್ತಿಗೆ ಮಾತ್ರ. ಒಕಾನಲ್ ಸಮ ಎಂದು ಬರೆದ ಎರಡು ಸುತ್ತುಗಳಿಗೂ ಅಂಥ ವಿವರಣೆ ಅಂದೇ, ಚೀಟಿಯ ಜೊತೆಗೇ ಬರಬೇಕಿತ್ತು.